ಕಲಿತದ್ದು ಮತ್ತು ಬಚ್ಚಿಟ್ಟದ್ದು: ಶಾಲೆಯಲ್ಲಿ ಒಂಟಿಯಾದವರಿಗೊಂದು ಕೈಪಿಡಿ

ಊಟದ ಬೆಲ್ ಹೊಡೆದ ಮೇಲೆ ಡಬ್ಬಿ ಹಿಡಿದುಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಲ್ಲುವ ಆ ಅರ್ಧ ನಿಮಿಷವನ್ನು ಬಲ್ಲವರಿಗಾಗಿ ಈ ಬರಹ. ನನಗೆ ಅದರ ಪರಿಚಯವಾದದ್ದು 1996ರ ಜೂನ್‌ನಲ್ಲಿ. ತಂದೆಯವರಿಗೆ ಬಾದಾಮಿಯ ಕಡೆಯಿಂದ ಬೆಂಗಳೂರಿಗೆ ವರ್ಗವಾಗಿ, ವಿಜಯನಗರದಲ್ಲಿ ಬಾಡಿಗೆ ಮನೆ ಹಿಡಿದು, ನನ್ನನ್ನು ಹತ್ತಿರದ ಒಂದು ಶಾಲೆಯ ಎಂಟನೆಯ ತರಗತಿಗೆ ಸೇರಿಸಿದ್ದರು. ಮೊದಲ ದಿನ ಹಾಜರಿ ಕರೆದಾಗ ಎದ್ದು ನಿಂತು “ಅದೀನ್ರೀ ಸರ್” ಎಂದೆ. ಇಡೀ ತರಗತಿ ನಕ್ಕಿತು. ಮಧ್ಯಾಹ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಂಡ ಮೇಲೆ ‘ರೊಟ್ಟಿ’ ಎಂಬ ಹೆಸರು ಬಿತ್ತು, ಮತ್ತು ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನದವರೆಗೂ ಅದು ನನ್ನ ಬೆನ್ನು ಬಿಡಲಿಲ್ಲ. ಆ ಮೂರು ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳೇ ಹೆಚ್ಚು. ಕೆಳಗಿನ ಸಲಹೆಗಳಲ್ಲಿ ಅರ್ಧದಷ್ಟು ಆ ತಪ್ಪುಗಳಿಂದಲೇ ಬಂದವು.

ಮೊದಲು, ನಡೆಯುತ್ತಿರುವುದು ಏನೆಂದು ನೋಡಿ

ಒಂಟಿತನಕ್ಕೆ ಒಂದೇ ಮುಖವಿಲ್ಲ. ಹೊಸದಾಗಿ ಸೇರಿದ್ದೀರಿ, ಗುಂಪುಗಳೆಲ್ಲ ಆಗಲೇ ಕಟ್ಟಿಕೊಂಡಿವೆ, ಯಾರಿಗೂ ನಿಮ್ಮ ಮೇಲೆ ದ್ವೇಷವಿಲ್ಲ, ಗಮನವೂ ಇಲ್ಲ ಎಂಬುದು ಒಂದು ಸ್ಥಿತಿ. ನಿಮ್ಮ ಮಾತು, ಬಣ್ಣ, ಮೈಕಟ್ಟು ಅಥವಾ ಕನ್ನಡಕವನ್ನು ಹಿಡಿದು ಒಂದಿಬ್ಬರು ರೇಗಿಸುತ್ತಾರೆ, ಉಳಿದವರು ಸುಮ್ಮನೆ ನಗುತ್ತಾರೆ ಎಂಬುದು ಇನ್ನೊಂದು. ಒಬ್ಬರು ಮುಂದೆ ನಿಂತು, ನಿಮ್ಮೊಡನೆ ಮಾತಾಡಿದವರಿಗೂ ಟೂ ಬಿಡುವುದಾಗಿ ಹೆದರಿಸಿ ಇಡೀ ತರಗತಿಯನ್ನು ನಿಮ್ಮಿಂದ ದೂರವಿಡುವುದು ಮೂರನೆಯದು. ಮೊದಲನೆಯದಕ್ಕೆ ಸಮಯ ಬೇಕು, ಎರಡನೆಯದಕ್ಕೆ ಒಂದು ಉತ್ತರ ಬೇಕು, ಮೂರನೆಯದಕ್ಕೆ ದೊಡ್ಡವರು ಬೇಕು. ಇವುಗಳನ್ನು ಬೆರೆಸಿಕೊಂಡರೆ, ಹೊಸಬರೆಂಬ ಕಾರಣಕ್ಕೆ ಮಾತಾಡಿಸದ ಬಡಪಾಯಿಯನ್ನು ಶತ್ರುವೆಂದು ತಿಳಿಯುತ್ತೀರಿ, ನಿಜವಾಗಿ ಕಾಡುವವರನ್ನು ‘ತಮಾಷೆ’ ಎಂದು ಸಹಿಸಿಕೊಳ್ಳುತ್ತೀರಿ.

ಹೀಗಾಗಿ ಎರಡು ವಾರಗಳ ಕಾಲ ಒಂದು ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ದಿನಾಂಕ, ನಡೆದದ್ದು, ಜೊತೆಯಲ್ಲಿದ್ದವರು ಎಂದಷ್ಟೇ ಬರೆದಿಡಿ. ಅಳುವಿನ ಡೈರಿ ಬೇಡ, ಅಂಗಡಿಯ ಲೆಕ್ಕದ ಪುಸ್ತಕದಂತಿರಲಿ. ‘ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ’ ಎಂದು ನಂಬಿದ್ದವರು ಈ ಪುಟಗಳನ್ನು ತಿರುವಿದಾಗ, ಮತ್ತೆ ಮತ್ತೆ ಬಂದ ಹೆಸರು ಎರಡೋ ಮೂರೋ ಎಂಬುದನ್ನು ಕಾಣುವ ಸಾಧ್ಯತೆ ಹೆಚ್ಚು. ನನ್ನ ತರಗತಿಯಲ್ಲಿ ಐವತ್ತೆಂಟು ಮಂದಿ ಇದ್ದರು. ಇಂದು ಲೆಕ್ಕ ಹಾಕಿದರೆ ಕಾಡಿದವರು ನಾಲ್ವರು.

ಎಲ್ಲರ ಕಣ್ಣೂ ನಮ್ಮ ಮೇಲೆಯೇ ಇದೆ ಎಂಬ ಭಾವನೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷೆಗೇ ಒಡ್ಡಿದ್ದಾರೆ. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹಾಕಿಕೊಂಡರೆ ನಾಚಿಕೆಯಾಗುವಂಥ ಚಿತ್ರವಿರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳುಹಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರಬೇಕೆಂದು ಶರ್ಟ್ ತೊಟ್ಟವರು ಊಹಿಸಿದರು. ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ. ನಿಮ್ಮ ಹರಿದ ಶೂ, ತಪ್ಪಿದ ಇಂಗ್ಲಿಷ್ ವಾಕ್ಯಗಳಿಗೂ ಈ ಲೆಕ್ಕವನ್ನು ಅನ್ವಯಿಸಿಕೊಳ್ಳಬಹುದು.

ಹಾಗೆಂದು ನೋವು ಕಲ್ಪನೆಯಲ್ಲ. ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಒಂದು ಸರಳ ಆಟದಲ್ಲಿ ಬೇಕೆಂದೇ ಹೊರಗಿಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮೈಗೆ ನೋವಾದಾಗ ಚುರುಕಾಗುವ ಭಾಗಗಳಲ್ಲೊಂದು ಆಗಲೂ ಚುರುಕಾಗಿತ್ತು. ಆದ್ದರಿಂದ “ಇಷ್ಟಕ್ಕೆಲ್ಲ ಅಳ್ತಾರಾ?” ಎಂದು ಯಾರಾದರೂ ಕೇಳಿದರೆ ನಾಚಿಕೊಳ್ಳಬೇಕಾದ ಅಗತ್ಯವಿಲ್ಲ.

ಊಟದ ಹೊತ್ತು

ತರಗತಿ ನಡೆಯುವಾಗ ಕೂರುವ ಜಾಗ ಗೊತ್ತಿರುತ್ತದೆ, ಮಾಡುವ ಕೆಲಸವಿರುತ್ತದೆ. ಊಟದ ಹೊತ್ತಿನಲ್ಲಿ ಎರಡೂ ಇರುವುದಿಲ್ಲ. ನಾನು ಮೊದಲ ಎರಡು ತಿಂಗಳು ಮೆಟ್ಟಿಲ ಕೆಳಗೆ, ಹಳೆಯ ಬೆಂಚುಗಳನ್ನು ಪೇರಿಸಿಟ್ಟ ಕತ್ತಲೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದೆ. ಇದಕ್ಕಿಂತ ಕೆಟ್ಟ ಉಪಾಯವಿಲ್ಲ. ಅಡಗಿ ಕುಳಿತವರನ್ನು ಹುಡುಕುವುದೇ ಕಾಡುವವರಿಗೆ ಆಟವಾಗುತ್ತದೆ, ಮತ್ತು ಸ್ನೇಹಕ್ಕೆ ಬರಬಹುದಾದವರ ಕಣ್ಣಿಗೂ ನೀವು ಬೀಳುವುದಿಲ್ಲ. ಶೌಚಾಲಯ, ಖಾಲಿ ತರಗತಿ, ತಾರಸಿಯ ಬಾಗಿಲು, ಈ ಮೂರನ್ನೂ ಬಿಟ್ಟುಬಿಡಿ.

ಬದಲಿಗೆ ಬೆಳಕಿರುವ, ಯಾರಾದರೂ ದೊಡ್ಡವರು ಓಡಾಡುವ ಒಂದು ಜಾಗವನ್ನು ಆರಿಸಿಕೊಂಡು ದಿನವೂ ಅಲ್ಲಿಯೇ ಕೂರಿರಿ. ನೀರಿನ ನಲ್ಲಿಯ ಎದುರಿನ ಕಟ್ಟೆ, ಗ್ರಂಥಾಲಯದ ಹೊರಗಿನ ಮೆಟ್ಟಿಲು, ಸ್ಟಾಫ್ ರೂಮ್ ಬಳಿಯ ಹೊಂಗೆಯ ಮರದ ನೆರಳು, ಯಾವುದಾದರೂ ಆದೀತು. ಒಂದೇ ಜಾಗವೆಂಬುದು ಮುಖ್ಯ. ಏಕೆಂದರೆ ಜಗಳ ಮಾಡಿಕೊಂಡು ತಮ್ಮ ಗ್ಯಾಂಗಿನಿಂದ ಹೊರಬಿದ್ದ ಯಾರೋ ಒಬ್ಬರು ಒಂದು ದಿನ ಡಬ್ಬಿ ಹಿಡಿದು ಇದೇ ಅರ್ಧ ನಿಮಿಷ ನಿಲ್ಲುತ್ತಾರೆ. ಆಗ ನೀವು ಎಲ್ಲಿರುತ್ತೀರೆಂಬುದು ಅವರಿಗೆ ತಿಳಿದಿರಬೇಕು. ತೀರಾ ಒಬ್ಬರೇ ಕೂರಲು ಕಷ್ಟವಾದರೆ, ಸದ್ದು ಕಡಿಮೆಯಿರುವ ಒಂದು ಗುಂಪಿನ ಅಂಚಿನಲ್ಲಿ ಕುಳಿತು “ನಾಳೆ ಸೋಷಿಯಲ್ ಟೆಸ್ಟ್‌ಗೆ ಎಷ್ಟು ಪಾಠ?” ಎಂಬಷ್ಟು ಚಿಕ್ಕ ಪ್ರಶ್ನೆಯನ್ನು ಕೇಳಿ. ಉತ್ತರಿಸಲು ಅವರಿಗೆ ಕಷ್ಟವಿಲ್ಲ, ಉತ್ತರ ಬಾರದಿದ್ದರೆ ನಿಮಗೂ ನಷ್ಟವಿಲ್ಲ. “ನನ್ನನ್ನೂ ನಿಮ್ಮ ಗ್ಯಾಂಗಿಗೆ ಸೇರಿಸಿಕೊಳ್ತೀರಾ?” ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯನ್ನು ಗುಂಪಿನ ಮುಂದಿಟ್ಟರೆ, ಸೇರಿಸಿಕೊಳ್ಳಲು ಮನಸ್ಸಿದ್ದವರೂ ಮುಂದಾಳಿನ ಮುಖ ನೋಡಿ ಬೇಡವೆನ್ನುತ್ತಾರೆ.

ಇನ್ನೊಂದು ದಾರಿ, ಆ ಹೊತ್ತಿಗೆ ಒಂದು ಕೆಲಸವನ್ನು ಹಿಡಿಯುವುದು. ಗ್ರಂಥಾಲಯದಲ್ಲಿ ವಾಪಸಾದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಪಿಟಿ ಮೇಷ್ಟ್ರ ಬಳಿ ಚೆಂಡು, ಬ್ಯಾಟುಗಳ ಲೆಕ್ಕ ನೋಡಿಕೊಳ್ಳುವುದು, ಕುಂಡಗಳಿಗೆ ನೀರು ಹಾಕುವುದು ಮುಂತಾದ ಕೆಲಸಗಳಿಗೆ ಮಕ್ಕಳು ಕೇಳಿಕೊಂಡು ಬಂದರೆ ಬೇಡವೆನ್ನುವ ಶಿಕ್ಷಕರು ಕಡಿಮೆ. ಕೈಯಲ್ಲಿ ಕೆಲಸವಿದ್ದವರನ್ನು ನೋಡಿ ‘ಪಾಪ, ಒಬ್ಬರೇ’ ಎಂದು ಯಾರಿಗೂ ಅನ್ನಿಸುವುದಿಲ್ಲ, ನಿಮಗೂ ಅನ್ನಿಸುವುದಿಲ್ಲ.

ತಿಂಡಿ ಕೊಡಿಸಿ ಸ್ನೇಹ ಕೊಳ್ಳಬೇಡಿ. ಕ್ಯಾಂಟೀನಿನಲ್ಲಿ ನಾಲ್ಕು ದಿನ ಪಫ್ಸ್ ಕೊಡಿಸಿದರೆ ನಾಲ್ಕು ದಿನ ಜೊತೆಯಲ್ಲಿರುತ್ತಾರೆ, ಐದನೆಯ ದಿನ ಕೇಳಿ ಪಡೆಯುತ್ತಾರೆ, ಆರನೆಯ ದಿನ ಹೆದರಿಸಿ ಪಡೆಯುತ್ತಾರೆ.

ಒಬ್ಬರು ಸಾಕು

ಇಡೀ ತರಗತಿಯನ್ನು ಒಲಿಸಿಕೊಳ್ಳುವ ಯೋಜನೆಯನ್ನು ಇವತ್ತೇ ಕೈಬಿಡಿ. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ಕಾರ್ಡಿನ ಮೇಲೆ ಎಳೆದ ಗೆರೆಗಳಲ್ಲಿ ಯಾವುದು ಯಾವುದಕ್ಕೆ ಸಮ ಎಂದು ಹೇಳಬೇಕು; ಮೊದಲೇ ಮಾತಾಡಿಕೊಂಡಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳುತ್ತಾರೆ. ಕಣ್ಣೆದುರಿಗೆ ಸರಿಯುತ್ತರ ಕಾಣುತ್ತಿದ್ದರೂ, ಅಂಥ ಸುತ್ತುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸಲ ಜನ ಗುಂಪಿನ ತಪ್ಪನ್ನೇ ಒಪ್ಪಿಕೊಂಡರು. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ, ಹೀಗೆ ಬಾಗುವುದು ಮೊದಲಿದ್ದುದರ ಕಾಲು ಭಾಗದಷ್ಟಕ್ಕೆ ಇಳಿಯಿತು. ತನ್ನತನ ಉಳಿಸಿಕೊಳ್ಳಲು ಉಕ್ಕಿನ ಮನಸ್ಸು ಬೇಕೆಂದು ಬೋಧಿಸುವವರಿಗೆ ನಾನು ಈ ಪ್ರಯೋಗವನ್ನು ನೆನಪಿಸುತ್ತೇನೆ. ಬೇಕಾದದ್ದು ಪಕ್ಕದಲ್ಲಿ ಒಬ್ಬರು.

ಅವರು ನಿಮ್ಮ ತರಗತಿಯವರೇ ಆಗಿರಬೇಕೆಂದಿಲ್ಲ. ಬೇರೆ ಸೆಕ್ಷನ್ನಿನವರು, ಸ್ಕೂಲ್ ವ್ಯಾನಿನಲ್ಲಿ ಜೊತೆಗೆ ಬರುವವರು, ಒಂದು ತರಗತಿ ಕೆಳಗಿನವರು ಯಾರಾದರೂ ಆಗಬಹುದು. ನಿಮ್ಮನ್ನು ಕಂಡು ಎಲ್ಲರೂ ನಕ್ಕಾಗ ನಗದೆ ತಲೆ ತಗ್ಗಿಸಿದವರು ಯಾರೆಂದು ಗಮನಿಸಿ. ಆ ತಲೆ ತಗ್ಗಿಸುವಿಕೆಯನ್ನು ಹೇಡಿತನವೆಂದು ಬಗೆಯಬೇಡಿ, ಅಲ್ಲಿಂದಲೇ ಆರಂಭವಾಗಬಹುದು. ನನಗೆ ಸಿಕ್ಕವನು ಬಸ್ಸುಗಳ ಹುಚ್ಚಿನ ಒಬ್ಬ ಹುಡುಗ. ಮೆಜೆಸ್ಟಿಕ್‌ನ ಯಾವ ಪ್ಲಾಟ್‌ಫಾರ್ಮಿನಿಂದ ಯಾವ ನಂಬರಿನ ಬಸ್ಸು ಎಲ್ಲೆಲ್ಲಿ ನಿಂತು ಎಲ್ಲಿಗೆ ಹೋಗುತ್ತದೆಂಬುದು ಅವನಿಗೆ ಬಾಯಿಪಾಠವಾಗಿತ್ತು, ಅದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ. ಊರಿಗೆ ಹೊಸಬನಾದ ನನಗೆ ಆ ಮಾಹಿತಿ ನಿಜಕ್ಕೂ ಬೇಕಾಗಿತ್ತು. ಭಾನುವಾರಗಳಲ್ಲಿ ಒಂದು ಪಾಸು ತೆಗೆದುಕೊಂಡು ಸುಮ್ಮನೆ ಸುತ್ತಿದೆವು, ಹೆಚ್ಚು ಮಾತೂ ಆಡುತ್ತಿರಲಿಲ್ಲ. ಎದುರುಬದುರು ಕುಳಿತು ಮಾತು ಹುಡುಕುವುದಕ್ಕಿಂತ ಇಬ್ಬರೂ ಸೇರಿ ಏನನ್ನಾದರೂ ಮಾಡುವುದರಿಂದ ಸ್ನೇಹ ಬೇಗ ಕುದುರುತ್ತದೆ.

ಏನನ್ನು ಬದಲಿಸಿಕೊಳ್ಳಬಹುದು, ಏನನ್ನು ಬಾರದು

ತನ್ನತನವೆಂದರೆ ಏನನ್ನೂ ಬದಲಿಸದಿರುವುದು ಎಂದು ನಾನು ಮೊದಲು ತಿಳಿದಿದ್ದೆ. ಆಮೇಲೆ, ಎಲ್ಲವನ್ನೂ ಬದಲಿಸಿದರೆ ಬಿಟ್ಟಾರು ಎಂದು ತಿಳಿದೆ. ಎರಡೂ ಕೆಲಸಕ್ಕೆ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ ನನಗೆ ಉಪಯೋಗವೆನಿಸಿದ ವಿಂಗಡಣೆ ಒಂದೇ: ಈ ಬದಲಾವಣೆಯಲ್ಲಿ ನಾನು ಹೊಸದೇನನ್ನಾದರೂ ಕಲಿಯುತ್ತಿದ್ದೇನೆಯೇ, ಇಲ್ಲವೆ ಇರುವುದನ್ನು ಬಚ್ಚಿಡುತ್ತಿದ್ದೇನೆಯೇ?

ಬೆಂಗಳೂರಿನ ಕನ್ನಡವನ್ನು ನಾನು ಕಲಿತೆ. “ಹೋಗೂಣು” ಎನ್ನುತ್ತಿದ್ದ ನಾಲಿಗೆಗೆ “ಹೋಗೋಣ” ಬಂತು, ಅಂಗಡಿಯಲ್ಲೂ ಬಸ್ಸಿನಲ್ಲೂ ಅನುಕೂಲವಾಯಿತು, ಮನೆಗೆ ಬಂದು ಅವ್ವನೊಡನೆ ಮೊದಲಿನಂತೆಯೇ ಮಾತಾಡುತ್ತಿದ್ದೆ. ಅದರಿಂದ ನನ್ನದೇನೂ ಕಳೆಯಲಿಲ್ಲ. ಆದರೆ ಅದೇ ವರ್ಷದ ಪೋಷಕರ ಸಭೆಗೆ ಅಪ್ಪ ಬರದಂತೆ ನೋಡಿಕೊಂಡೆ. ಧೋತರ ಉಟ್ಟು, ಎಲ್ಲರೆದುರಿಗೆ “ಹುಡುಗ ಹ್ಯಾಂಗ ಓದತಾನ್ರೀ” ಎಂದು ಕೇಳಿಬಿಡುತ್ತಾರೆಂದು ಹೆದರಿ, ಸಭೆ ರದ್ದಾಗಿದೆ ಎಂದು ಸುಳ್ಳು ಹೇಳಿದೆ. ಸಂಜೆ ಪಕ್ಕದ ಮನೆಯವರು ಸಭೆಯ ಸುದ್ದಿಯೆತ್ತಿದಾಗ ಅಪ್ಪ ನನ್ನ ಕಡೆ ಒಮ್ಮೆ ನೋಡಿದರು, ನಂತರ ಅವರಿಗೆ “ನನಗ ಬರಾಕ ಆಗಲಿಲ್ಲರೀ” ಎಂದರು. ಬಚ್ಚಿಟ್ಟದ್ದಕ್ಕೆ ಉದಾಹರಣೆ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈ ಅಳತೆಗೋಲನ್ನು ನಿಮ್ಮ ಸಂಗತಿಗಳಿಗೆ ಹಿಡಿದು ನೋಡಿ. ಎಲ್ಲರೂ ಆಡುವ ಆಟದ ನಿಯಮಗಳನ್ನು ತಿಳಿದುಕೊಳ್ಳುವುದು, ಬೆವರಿನ ವಾಸನೆಯ ಬಗ್ಗೆ ಯಾರಾದರೂ ಹೇಳಿದರೆ ನಿಜವೇ ಎಂದು ನೋಡಿ ಸರಿಪಡಿಸಿಕೊಳ್ಳುವುದು, ಇನ್ನೊಬ್ಬರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವ ಚಾಳಿ ಬಿಡುವುದು, ಇವೆಲ್ಲ ಕಲಿಕೆ. ಅಡ್ಡಹೆಸರು ಇಟ್ಟವರು ಹೇಳಿದರೆಂಬ ಕಾರಣಕ್ಕೆ ಇವನ್ನು ತಳ್ಳಿಹಾಕುವುದು ಹಟವಾಗುತ್ತದೆ. ಇನ್ನು ‘ಪುಸ್ತಕದ ಹುಳು’ ಎನ್ನುತ್ತಾರೆಂದು ಗೊತ್ತಿದ್ದ ಉತ್ತರವನ್ನೂ ಹೇಳದೆ ಕೂರುವುದು, ಮನೆಯಲ್ಲಿ ಆಡುವ ತುಳುವನ್ನೋ ಉರ್ದುವನ್ನೋ ತಮಿಳನ್ನೋ ಫೋನಿನಲ್ಲಿ ಆಡಲು ಹೆದರುವುದು, ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎಂದುಬಿಡುತ್ತೇನೆಂದು ತರಗತಿಯಲ್ಲಿ ಬಾಯಿಯನ್ನೇ ತೆರೆಯದಿರುವುದು, ಹಿಡಿಸದ ಬೈಗುಳವನ್ನು ಗ್ಯಾಂಗಿನ ಸಲುವಾಗಿ ಬಾಯಿಗೆ ತಂದುಕೊಳ್ಳುವುದು, ತಂದೆಯ ಆಟೋ ಶಾಲೆಯ ಗೇಟಿನವರೆಗೆ ಬಾರದಂತೆ ಮೂಲೆಯಲ್ಲೇ ಇಳಿಯುವುದು, ಇವು ಬಚ್ಚಿಡುವುದು. ಬಚ್ಚಿಟ್ಟದ್ದನ್ನು ದಿನವೂ ಕಾಯಬೇಕಾಗುತ್ತದೆ, ಆ ಕಾವಲಿಗೆ ಹೋಗುವ ಶಕ್ತಿ ಓದಿಗೂ ಆಟಕ್ಕೂ ಉಳಿಯುವುದಿಲ್ಲ. ಮೇಲಾಗಿ, ಬಚ್ಚಿಟ್ಟು ಗಳಿಸಿದ ಸ್ನೇಹಿತರು ಮೆಚ್ಚಿಕೊಂಡಿರುವುದು ನಿಮ್ಮನ್ನಲ್ಲವಾದ್ದರಿಂದ, ಅವರ ನಡುವೆ ಕುಳಿತಾಗಲೂ ಒಂಟಿತನ ಹೋಗುವುದಿಲ್ಲ.

ಮೂರನೆಯ ಬಗೆಯದೂ ಒಂದಿದೆ, ಅದು ಕಷ್ಟದ್ದು. ಗುಂಪಿನೊಳಗೆ ಉಳಿಯಲು ನಿಮಗಿಂತ ಮೆತ್ತಗಿರುವ ಇನ್ನೊಬ್ಬರನ್ನು ರೇಗಿಸಬೇಕೆಂಬ ಒತ್ತಾಯ ಬರುತ್ತದೆ. ನನಗೂ ಬಂದಿತ್ತು, ಒಂದೆರಡು ಸಲ ನಾನೂ ನಕ್ಕಿದ್ದೇನೆ. ನಗದೆ ಚೀಲ ಎತ್ತಿಕೊಂಡು ಎದ್ದು ಹೋಗುವುದಕ್ಕೆ ಭಾಷಣ ಬೇಕಿಲ್ಲವೆಂದು ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ರೇಗಿಸಿದಾಗ ಏನನ್ನಬೇಕು

“ಗಮನ ಕೊಡಬೇಡ, ತಾನೇ ನಿಲ್ಲುತ್ತೆ” ಎಂಬ ಮನೆಮದ್ದು ಅರ್ಧ ನಿಜ. ನಿಮ್ಮ ಕೋಪವನ್ನೋ ಅಳುವನ್ನೋ ನೋಡಿ ಖುಷಿಪಡಲೆಂದೇ ಮಾತು ಬಿಟ್ಟವರಿಗೆ ಅದು ನಾಟುತ್ತದೆ; ಚೀಲ ಕಿತ್ತುಕೊಳ್ಳುವವರಿಗೆ ನಾಟುವುದಿಲ್ಲ. ಮಾತಿನ ಮಟ್ಟದಲ್ಲಿರುವಾಗ ಚುರುಕಾದ ತಿರುಗೇಟು ಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಹೊಳೆಯುವುದು ಮನೆಗೆ ಬಂದು ಸ್ನಾನ ಮಾಡುವಾಗ. ಬದಲಿಗೆ ಸಪ್ಪೆಯಾದ ಒಂದೇ ವಾಕ್ಯವನ್ನು ಕನ್ನಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿ: “ಹೌದು, ನಮ್ಮ ಕಡೆ ಹಂಗೇ ಮಾತಾಡೋದು.” ಹೇಳಿ, ಮಾಡುತ್ತಿದ್ದ ಕೆಲಸವನ್ನು ಮುಂದುವರಿಸಿ. ಒಪ್ಪಿಕೊಂಡ ಸಂಗತಿಯನ್ನು ಹಿಡಿದು ಎಳೆದಾಡುವುದು ಕಷ್ಟ. ಮುಟ್ಟಿದರೆ, ತಳ್ಳಿದರೆ ಮಾತ್ರ ಧ್ವನಿಯೆತ್ತಿ “ಕೈ ತೆಗಿ” ಎನ್ನಿ, ಸುತ್ತಲಿನವರಿಗೆಲ್ಲ ಕೇಳುವಂತೆ.

ನಿಮ್ಮನ್ನು ಬಿಟ್ಟು ಮಾಡಿಕೊಂಡ ವಾಟ್ಸಾಪ್ ಗ್ರೂಪಿನಲ್ಲಿ ಏನು ಬಂದಿದೆಯೆಂದು ಬೇರೆಯವರ ಫೋನಿನಲ್ಲಿ ಇಣುಕಬೇಡಿ. ನಿಮಗೇ ನೇರವಾಗಿ ಬಂದ ಕೆಟ್ಟ ಸಂದೇಶವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಉತ್ತರಿಸದೆ ಬಿಡಿ.

ಅಡ್ಡಹೆಸರು ಗೊತ್ತಿಲ್ಲದ ಜಾಗ

ವಾರದಲ್ಲಿ ಒಂದು ದಿನವಾದರೂ, ನಿಮ್ಮ ಅಡ್ಡಹೆಸರನ್ನು ಯಾರೂ ಕೇಳಿರದ ಜಾಗಕ್ಕೆ ಹೋಗಿ ಬನ್ನಿ. ಬೆಂಗಳೂರಿನಲ್ಲಿ ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಅದೇ ಪಾರ್ಕಿನ ಬಾಲಭವನದಲ್ಲಿ ಮಕ್ಕಳಿಗೆ ಶಿಬಿರಗಳು ನಡೆಯುತ್ತವೆ. ಬಸವನಗುಡಿಯ ಬಿ.ಪಿ. ವಾಡಿಯ ರಸ್ತೆಯಲ್ಲಿರುವ, 1945ರಲ್ಲಿ ಆರಂಭವಾದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ ಓದುವ ಹುಚ್ಚಿರುವವರಿಗೆ ಒಳ್ಳೆಯ ತಾಣ. ಆಕಾಶ ನೋಡುವ ಆಸೆಯಿದ್ದರೆ ಚೌಡಯ್ಯ ರಸ್ತೆಯ ನೆಹರೂ ತಾರಾಲಯವಿದೆ, ಯಂತ್ರಗಳೆಂದರೆ ಇಷ್ಟವಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ. ಬಡಾವಣೆಯ ಖೋ ಖೋ ಮೈದಾನವೂ ಆದೀತು. ಅಲ್ಲಿ ಬಹುಮಾನ ಗೆದ್ದು ಶಾಲೆಯವರಿಗೆ ‘ತೋರಿಸಿಕೊಡುತ್ತೇನೆ’ ಎಂಬ ಲೆಕ್ಕಾಚಾರ ಬೇಡ; ಹಾಗೆ ಹೋದರೆ ಶಾಲೆಯನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋದಂತಾಗುತ್ತದೆ.

ದೊಡ್ಡವರಿಗೆ ಹೇಳುವುದು

ನಮ್ಮೂರಿನ ದೊಡ್ಡವರ ಬಾಯಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಎಂಬ ಮಾತು ಸದಾ ಸಿದ್ಧವಿರುತ್ತದೆ. “ನನಗೆ ಯಾರೂ ಫ್ರೆಂಡ್ಸ್ ಇಲ್ಲ” ಎಂದರೆ ಆ ಉತ್ತರವೇ ಬರುತ್ತದೆ. ಅದರ ಬದಲು ನೋಟ್‌ಬುಕ್ಕಿನ ಪುಟ ತೆರೆದು, “ಈ ಎರಡು ವಾರದಲ್ಲಿ ಐದು ಸಲ ನನ್ನ ಚೀಲ ಹೊರಗೆ ಎಸೆದಿದ್ದಾರೆ, ನನ್ನ ಸೀಟು ಬದಲಾಯಿಸಿಕೊಡಿ ಅಂತ ಮಿಸ್‌ಗೆ ಹೇಳಬೇಕು” ಎನ್ನಿ. ನಡೆದ ಸಂಗತಿ ಸ್ಪಷ್ಟವಾಗಿರಬೇಕು, ಕೇಳುವ ಸಹಾಯ ಒಂದೇ ಆಗಿರಬೇಕು. ಶಿಕ್ಷಕರ ಬಳಿ ಹೋಗುವುದಾದರೆ ಬೆಳಗಿನ ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಭೇಟಿಯಾಗಿ, ಮತ್ತು ತರಗತಿಯ ಮುಂದೆ ನಿಮ್ಮ ಹೆಸರೆತ್ತಿ ಯಾರನ್ನೂ ಬೈಯಬಾರದೆಂದು ಮೊದಲೇ ಕೇಳಿಕೊಳ್ಳಿ. ಆ ಬೈಗುಳದ ಬಡ್ಡಿಯನ್ನು ಮಧ್ಯಾಹ್ನ ಊಟದ ಹೊತ್ತಿಗೆ ತೀರಿಸಬೇಕಾದವರು ನೀವೇ.

ಕೆಲವೊಮ್ಮೆ ಅಡ್ಡಹೆಸರಿಟ್ಟವರು ಶಿಕ್ಷಕರೇ ಆಗಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಾಲೆ ಕೇಳದಿದ್ದರೆ ತಂದೆತಾಯಿಗಳು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಬರೆಯಬಹುದು. ಜಾತಿ ಹಿಡಿದು ಹೀಯಾಳಿಸುವುದು, ಮೈಮುಟ್ಟಿ ಕಾಡುವುದು, ಫೋಟೋ ತೆಗೆದು ಹರಿಬಿಡುವುದು ಯಾವ ಲೆಕ್ಕದಲ್ಲಿಯೂ ರೇಗಿಸುವಿಕೆಯಲ್ಲ, ಅವಕ್ಕೆ ಎರಡು ವಾರ ಕಾಯದೆ ಅಂದೇ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಉಚಿತ. ಬೆಳಗ್ಗೆ ಶಾಲೆಯ ಹೆಸರೆತ್ತಿದರೆ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ವಾರಗಟ್ಟಲೆ ನಡೆದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಿದು, ಕನ್ನಡದಲ್ಲಿಯೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ.

ಸೆಕ್ಷನ್ ಅಥವಾ ಶಾಲೆ ಬದಲಿಸುವುದು

ಇದು ಸೋಲೆಂದು ನಾನು ಭಾವಿಸುವುದಿಲ್ಲ, ಆದರೆ ಮೊದಲ ಮದ್ದೂ ಅಲ್ಲ. ಸೆಕ್ಷನ್ ಬದಲಿಸಬೇಕಿದ್ದರೆ ಬೇಸಿಗೆ ರಜೆಗೆ ಮುಂಚೆಯೇ, ಹೊಸ ಪಟ್ಟಿ ಸಿದ್ಧವಾಗುವ ಮೊದಲು, ತಂದೆತಾಯಿಗಳಿಂದ ಪತ್ರ ಕೊಡಿಸಿ. ಜೂನ್‌ನಲ್ಲಿ ಕೇಳಿದರೆ ಜಾಗವಿಲ್ಲ ಎನ್ನುತ್ತಾರೆ. ಜೊತೆಯಲ್ಲಿರುವ ಆ ಒಬ್ಬರ ಹೆಸರನ್ನೂ ಪತ್ರದಲ್ಲಿ ಬರೆದು, ಇಬ್ಬರನ್ನೂ ಒಂದೇ ಸೆಕ್ಷನ್ನಿಗೆ ಹಾಕುವಂತೆ ಕೇಳಿ. ಶಾಲೆಯನ್ನೇ ಬಿಡುವುದಾದರೆ ಇದನ್ನು ಮನೆಯವರಿಗೆ ತಿಳಿಸಿ: ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ಟಿಸಿ ಕೊಡಬೇಕು, ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಕಾಯ್ದೆ ಅನ್ವಯಿಸುವುದು ಆರರಿಂದ ಹದಿನಾಲ್ಕು ವರ್ಷದವರಿಗೆ.

ಹೊಸ ಶಾಲೆಗೆ ಹೋಗುವ ಮೊದಲ ದಿನ, ಅಲ್ಲಿಯವರಿಗೆ ಹಿಡಿಸಲೆಂದು ಡಬ್ಬಿಗೆ ನೂಡಲ್ಸ್ ಹಾಕಿಸಿಕೊಳ್ಳಬೇಡಿ. ಮನೆಯಲ್ಲಿ ಆ ಬೆಳಗ್ಗೆ ಮಾಡಿದ್ದು ರೊಟ್ಟಿಯಾದರೆ ರೊಟ್ಟಿಯನ್ನೇ, ಮುದ್ದೆಯಾದರೆ ಮುದ್ದೆಯನ್ನೇ ಒಯ್ಯಿರಿ, ಮತ್ತು ಶೇಂಗಾ ಚಟ್ನಿ ತುಸು ಹೆಚ್ಚಿಗೆ ಇರಲಿ. ನನ್ನ ಬಸ್ಸಿನ ಗೆಳೆಯ ಮೊದಲ ಸಲ ನನ್ನ ಪಕ್ಕಕ್ಕೆ ಬಂದು ಕುಳಿತದ್ದು ಅದರ ವಾಸನೆ ಹಿಡಿದುಕೊಂಡೇ.